ಸಹಾಯ ಬೇಕು: ಓರ್ವಿಯೆಟೊ ಕೆಥೆಡ್ರಲ್‌ಗೆ ಭಾನುವಾರ ಯಾವ ಹೊತ್ತಿಗೆ ಹೋಗಬೇಕು?

ನಮಸ್ಕಾರ. ಭಾನುವಾರ ಅಮ್ಮನ ಜೊತೆ ರೋಮ್‌ನಿಂದ ರೈಲಿನಲ್ಲಿ ಇಟಲಿಯ ಓರ್ವಿಯೆಟೊ ಊರಿಗೆ ಹೊರಟಿದ್ದೇನೆ. ಅಮ್ಮನಿಗೆ ಮಂಡಿನೋವು. ಊರು ಬಂಡೆಗುಡ್ಡದ ಮೇಲಿದೆ, ಸ್ಟೇಷನ್ ಕೆಳಗಿದೆ. ಫ್ಯುನಿಕ್ಯುಲರ್‌ನಲ್ಲಿ (ಹಗ್ಗ ಎಳೆದು ಗುಡ್ಡ ಹತ್ತಿಸುವ ಪುಟ್ಟ ರೈಲು) ಮೇಲೆ ಹೋಗಿ, ಅಲ್ಲಿಂದ ಚಿಕ್ಕ ಬಸ್ ಹಿಡಿದರೆ ಆಯ್ತು, ಆ ಚಿಂತೆ ಇಲ್ಲ.

ಕೆಥೆಡ್ರಲ್ ಅಂದರೆ 1290ರಲ್ಲಿ ಕಟ್ಟಲು ಶುರು ಮಾಡಿದ ದೊಡ್ಡ ಚರ್ಚ್. ಗೋಡೆ ತುಂಬಾ ಕಪ್ಪು-ಬಿಳಿ ಕಲ್ಲಿನ ಪಟ್ಟೆ, ಮುಂಭಾಗದಲ್ಲಿ ಮಿರಮಿರ ಮಿಂಚುವ ಮೊಸಾಯಿಕ್. ಆದರೆ ಅಮ್ಮನಿಗೆ ಬೇಕಾಗಿರುವುದು ಅದರೊಳಗಿನ ಸಾನ್ ಬ್ರಿಝಿಯೊ ಚಾಪೆಲ್‌ನಲ್ಲಿ (ಪ್ರಾರ್ಥನಾ ಕೋಣೆ) ಚಿತ್ರಕಾರ ಸಿನ್ಯೊರೆಲ್ಲಿ ಬಿಡಿಸಿದ ಗೋಡೆ ಚಿತ್ರಗಳು. ಸತ್ತವರು ನೆಲಕ್ಕೆ ಕೈಯೂರಿ, ಮಣ್ಣಿನಿಂದ ಮೈ ಬಿಡಿಸಿಕೊಂಡು ಏಳುತ್ತಾರಲ್ವಾ, ಅದು!

ಹೋಟೆಲ್‌ನವರು ಬೆಳಗ್ಗೆ ಹೋಗಿ ಅಂದರು. ಪರಿಚಯದವರು, ಪ್ರಾರ್ಥನೆ ವೇಳೆ ಪ್ರವಾಸಿಗರನ್ನು ಬಿಡಲ್ಲ ಅಂತಾರೆ. ಸುಮ್ನೆ ಬಾಗಿಲಲ್ಲಿ ಅಮ್ಮನನ್ನು ನಿಲ್ಲಿಸೋಕೆ ಇಷ್ಟವಿಲ್ಲ.

ಇತ್ತೀಚೆಗೆ ಭಾನುವಾರ ಹೋದವರು ಹೇಳಿ: ಚಾಪೆಲ್ ಒಳಗೆ ಎಷ್ಟು ಗಂಟೆಗೆ ಬಿಟ್ಟರು? ಮೆಟ್ಟಿಲಿಲ್ಲದ ಬಾಗಿಲು ಯಾವ ಕಡೆ ಇದೆ?