ಅಪ್‌ಡೇಟ್: ಗೈಡ್‌ನಲ್ಲಿ 4.4, ತಂಗಿಗೆ ಬಂದದ್ದು 1.1

ಹಿಂದೆ ಕೇಳಿದ್ದ ಲೆಕ್ಕ ಇದು: 10 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿಗೆ 0.5 ಮೋಲಾರ್ (ಅಂದರೆ ಲೀಟರಿಗೆ ಅರ್ಧ ಮೋಲ್; ಮೋಲ್ ಅಂದರೆ ಕಣಗಳನ್ನು ಎಣಿಸುವ ಅಳತೆ) ಹೈಡ್ರೋಕ್ಲೋರಿಕ್ ಆಸಿಡ್ 100 ಮಿಲಿ ಹಾಕಿದರೆ ಎಷ್ಟು ಕಾರ್ಬನ್ ಡೈಆಕ್ಸೈಡ್ ಬರುತ್ತದೆ? ಪಿಯುಸಿ ಮೊದಲ ವರ್ಷದ ತಂಗಿಗೆ 1.1 ಗ್ರಾಂ ಬಂದಿತ್ತು, ಗೈಡ್‌ನಲ್ಲಿ 4.4 ಇತ್ತು.

ತಂಗಿಯದೇ ಸರಿ. ನೀವು ಹೇಳಿದ ಹಾಗೆ ಎರಡನ್ನೂ ಮೊದಲು ಮೋಲ್‌ಗೆ ತಂದೆವು. ಪುಡಿ 0.1 ಮೋಲ್ (ಅದರ ಒಂದು ಮೋಲ್ 100 ಗ್ರಾಂ), ಆಸಿಡ್ 0.05 ಮೋಲ್. ಒಂದು ಮೋಲ್ ಕಾರ್ಬೊನೇಟಿಗೆ ಎರಡು ಮೋಲ್ ಆಸಿಡ್ ಬೇಕು. ಅಂದರೆ 0.025 ಮೋಲ್ ಪುಡಿ ಕರಗುವಷ್ಟರಲ್ಲೇ ಆಸಿಡ್ ಖಾಲಿ. ಬರುವ ಕಾರ್ಬನ್ ಡೈಆಕ್ಸೈಡೂ ಅಷ್ಟೇ ಮೋಲ್; ಅದರ ಒಂದು ಮೋಲ್ 44 ಗ್ರಾಂ, ಗುಣಿಸಿದರೆ 1.1. ಗೈಡ್‌ನವರು ಆಸಿಡ್ ಕಡೆ ನೋಡಿಯೇ ಇಲ್ಲ, ಸುಮ್ನೆ ಪುಡಿಯೆಲ್ಲ ಕರಗಿತು ಅಂತ ಲೆಕ್ಕ ಹಾಕಿದ್ದಾರೆ. 7.5 ಗ್ರಾಂ ತಳದಲ್ಲಿ ಹಾಗೇ ಉಳಿಯುತ್ತದೆ.

ಉಳಿಯುತ್ತದೆ ಅಂದರೆ ತಂಗಿಗೆ ಕಣ್ಣಾರೆ ನೋಡಬೇಕಂತೆ. ನಮ್ಮದು ಕಲಬುರಗಿ, ಶಹಾಬಾದ್ ಫರ್ಸಿಗೇನು ಬರ? ಅದೂ ಸುಣ್ಣದ ಕಲ್ಲೇ ಅಲ್ವಾ, ಹೆಚ್ಚಾಗಿ ಇದೇ ಕ್ಯಾಲ್ಸಿಯಂ ಕಾರ್ಬೊನೇಟ್. ಹಿತ್ತಲಲ್ಲಿ ಬಿದ್ದಿದ್ದ ತುಂಡಿನ ಮೇಲೆ ನಿಂಬೆರಸ ಹಿಂಡಿದೆವು. ಸಣ್ಣ ಸಣ್ಣ ಗುಳ್ಳೆ ಎದ್ದವು, ಸ್ವಲ್ಪ ಹೊತ್ತಿಗೆ ನಿಂತವು. ಒರೆಸಿದರೆ ಕಲ್ಲು ಇದ್ದ ಹಾಗೇ ಇದೆ, ಮೇಲೊಂದು ಮಂಕು ಕಲೆ ಅಷ್ಟೇ. "ನಿಂಬೆಹಣ್ಣು ಪುಕ್ಕಟೆ ಬರ್ತಾವೇನು?" ಅಂದಳು ಅವ್ವ.

ಕಾಲೇಜಿನಲ್ಲೂ 1.1ಕ್ಕೇ ಟಿಕ್ ಬಿತ್ತು. ಇನ್ನು ಮೋಲಾಲಿಟಿ ಲೆಕ್ಕಗಳಿವೆ, ಅವನ್ನು ಬೇರೆಯಾಗಿ ಕೇಳುತ್ತೇನೆ.