ಸಹಾಯ ಬೇಕು: ಅಪ್ಪಯ್ಯನ ಕೈ ನಡುಕ ಪಾರ್ಕಿನ್ಸನ್ (ನಡುಕ ತರುವ ಮೆದುಳಿನ ಕಾಯಿಲೆ) ಇರಬಹುದಾ?

ನಮಸ್ಕಾರ. ನಾವು ಶಿರಸಿ ಕಡೆಯವರು. ಅಪ್ಪಯ್ಯನಿಗೆ 71 ವರ್ಷ. ಸುಮ್ನೆ ಕೂತಾಗ ಬಲಗೈ ಹೆಬ್ಬೆರಳು, ತೋರುಬೆರಳು ಏನೋ ಗುಳಿಗೆ ಉರುಳಿಸಿದ ಹಾಗೆ ಆಡುತ್ತವೆ. ಚಾ ಲೋಟ ಎತ್ತಿದರೆ ನಡುಕ ನಿಲ್ಲುತ್ತದೆ. ಅಡಿಕೆ ಲೆಕ್ಕ ಬರೆಯುವಾಗ ಸಾಲಿನ ಕೊನೆಗೆ ಅಕ್ಷರ ಇರುವೆಯಷ್ಟಾಗುತ್ತದೆ. ನಡೆಯುವಾಗ ಬಲಗೈ ಬೀಸುವುದಿಲ್ಲ. ದನಿಯೂ ತಗ್ಗಿದೆ. ಮಲಬದ್ಧತೆ, ವಾಸನೆ ತಿಳಿಯದಿರುವುದು ಮೊದಲಿಂದ ಇದೆ, ಅವೂ ಲಕ್ಷಣವೇ ಅಂತೆ.

ವಯಸ್ಸಾಯ್ತಲ್ಲ ಅಂತಾರೆ ಎಲ್ಲರೂ. ನನಗೆ ಹಾಗನಿಸುತ್ತಿಲ್ಲ. ಪಾರ್ಕಿನ್ಸನ್ ಸಾಮಾನ್ಯವಾಗಿ ಒಂದೇ ಬದಿಯಲ್ಲಿ ಶುರುವಾಗುತ್ತದಂತೆ, ಇವರಿಗೂ ಹಾಗೇ ಅಲ್ವಾ? ತಲೆಸುತ್ತಿಗೆ ಸಿನ್ನಾರಿಜಿನ್ ಮಾತ್ರೆಯನ್ನು ಬಹಳ ಕಾಲದಿಂದ ತಗೊಳ್ತಿದ್ದಾರೆ, ಅದರಿಂದಲೂ ಹೀಗಾಗಬಹುದು.

ನರರೋಗ ತಜ್ಞರಿಗೆ ತೋರಿಸಬೇಕು. ಹುಬ್ಬಳ್ಳಿ ಒಳ್ಳೆಯದಾ, ಮಣಿಪಾಲವಾ? ಘಟ್ಟ ಇಳಿದರೆ ಅವರಿಗೆ ವಾಂತಿ ಜಾಸ್ತಿ. ಮನೆಯಲ್ಲಿ ಇಂಥವರನ್ನು ನೋಡಿಕೊಂಡವರು ದಯವಿಟ್ಟು ತಿಳಿಸಿ.