ಡಿಎಫ್ ಔಟ್‌ಪುಟ್ ಎರಡು ಸಾಲಿಗೆ ಮುರೀತದ, ಸ್ಕ್ರಿಪ್ಟ್ ಹೆಂಗ ಬರೀಲಿ?

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ):
ಆಫೀಸಿನ ಹಳೇ ಲಿನಕ್ಸ್ ಸರ್ವರ್ ನಾನ ನೋಡ್ಕೋತೀನ್ರಿ. ಡಿಸ್ಕ್ 90% ದಾಟಿದ್ರ ಮೇಲ್ ಬರ್ಲಿ ಅಂತ ಡಿಎಫ್‌ನ (ಡಿಸ್ಕ್ ಎಷ್ಟ ತುಂಬೇದ ಅಂತ ತೋರ್ಸೋ ಕಮಾಂಡ್) ಐದನೇ ಕಾಲಂ, ಅಂದ್ರ ತುಂಬಿದ ಶೇಕಡಾ, ಆಕ್‌ನಿಂದ (ಸಾಲಿನ್ಯಾಗಿಂದ ಬೇಕಾದ ಕಾಲಂ ಆರ್ಸೋ ಕಮಾಂಡ್) ತೆಗೀತೀನಿ. ಎಲ್‌ವಿಎಂ (ಡಿಸ್ಕಿನ ಜಾಗ ಬೇಕಾದಂಗ ಹಂಚೋ ವ್ಯವಸ್ಥಾ) ಮಾಡಿದ ಮ್ಯಾಲೆ ಡಿವೈಸ್ ಹೆಸರು ಉದ್ದಾಗಿ, ಅದೊಂದ ಮ್ಯಾಲಿನ ಸಾಲಿನ್ಯಾಗ ಉಳೀತದ, ಅಂಕಿ ಎಲ್ಲಾ ಕೆಳಗ ಇಳೀತಾವ. ಐದನೇ ಕಾಲಂನಾಗ ಶೇಕಡಾ ಬದಲಿ ‘/ವಾರ್’ ಅನ್ನೋ ಫೋಲ್ಡರ್ ಹೆಸರು ಕುಂತದ! ನಿನ್ನೆ ಡಿಸ್ಕ್ ತುಂಬಿ ಬ್ಯಾಕಪ್ ನಿಂತ್ರೂ ಮೇಲ್ ಬರ್ಲಿಲ್ಲ. ಭಾಳ ಚಿಂತಿ ಆಗೇದ.

ಉತ್ತರ (ಗದಗ):
ಡಿಎಫ್‌ಗೆ ದೊಡ್ಡಕ್ಷರದ -ಪಿ ಕೊಡ್ರಿ ಸರ್. ಅದು ಪಾಸಿಕ್ಸ್ (ಯುನಿಕ್ಸ್ ಥರದ ಸಿಸ್ಟಂಗಳ ಮಾನದಂಡ) ನಮೂನಿ. ಹೆಸರು ಎಷ್ಟ ಉದ್ದಿರ್ಲಿ, ಒಂದು ಫೈಲ್‌ಸಿಸ್ಟಂಗೆ ಒಂದ ಸಾಲು. ಆಕ್‌ನಾಗ ತಲೆಬರಹದ ಮೊದಲ್ನೇ ಸಾಲು ಬಿಡ್ರಿ. ನೆಟ್‌ವರ್ಕ್ ಸುದ್ದಿ ತೋರ್ಸೋ ಐಪಿ ಕಮಾಂಡಿಗೂ ಹಿಂಗ ಸಣ್ಣಕ್ಷರದ -ಓ ಅದ, ಒಂದೊಂದು ದಾಖಲೆ ಒಂದೊಂದ ಸಾಲಿಗೆ ತರ್ತದ. ಮುರಿದ ಸಾಲು ಜೋಡ್ಸೋಕಿಂತ ಮುರೀಲಾರದಂಗ ಕೇಳೋದ ಚಲೋ.

ಉತ್ತರ (ರಾಣೆಬೆನ್ನೂರು, ಹಾವೇರಿ ಜಿಲ್ಲೆ):
ಔಟ್‌ಪುಟ್ ವೇರಿಯಬಲ್‌ನಾಗ ಇಟ್ಟು ಎಕೋ ಕಮಾಂಡಿನಿಂದ ತೋರ್ಸೋದಿದ್ರ ವೇರಿಯಬಲ್ ಸುತ್ತ ಡಬಲ್ ಕೋಟ್ ಮರೀಬ್ಯಾಡ್ರಿ. ಇಲ್ಲಂದ್ರ ಬ್ಯಾಶ್ (ಸ್ಕ್ರಿಪ್ಟ್ ನಡ್ಸೋ ಶೆಲ್) ಸಾಲೆಲ್ಲಾ ಕೂಡಿಸಿ ಒಂದ ಮಾಡ್ತದ.

ಪ್ರಶ್ನೆ ಕೇಳಿದವರು:
-ಪಿ ಹಾಕಿದೆ, 94% ಅಂತ ಮೇಲ್ ಬಂತ್ರಿ! ಕೋಟ್ ಮಾತೂ ಖರೇ, ಇನ್ನೊಂದು ಸ್ಕ್ರಿಪ್ಟ್‌ನಾಗ ಅದ ತಪ್ಪಿತ್ತು. ಇಬ್ಬರಿಗೂ ಶರಣ್ರಿ.